ದವಡೆಗೆ ಮೂಲ

ಒಂಬತ್ತೂ ಇಪ್ಪತ್ತಕ್ಕೆ ಬರಬೇಕಿದ್ದ ಕ್ಲೈವ್ ಆಸ್ಗರ್ಬಿ
ಇನ್ನೂ ಬಂದಿಲ್ಲ.
ಹಂಬರ್ ಸೇತುವೆಯ ಮೇಲೆ ಗಾಳಿ ಜೋರಂತೆ,
ಗ್ರಿಮ್ಸ್‌ಬಿಯ ಬಸ್ಸು ಆಚೆ ದಡದಲ್ಲೇ ನಿಂತಿದೆಯಂತೆ.
ನನ್ನ ತೆರೆಯ ಮೇಲೊಂದು ಚೌಕ ಮಿಣುಕುತ್ತಿದೆ:
ಗೈರು ಎಂದು ಒತ್ತಲೇ?
ಒತ್ತಿದರೆ ಮುಗಿಯಿತು. ಯಂತ್ರಕ್ಕೆ ಗಾಳಿ ಗೊತ್ತಿಲ್ಲ.
ಎರಡು ಸಲ ಗೈರಾದವನು ಮೂರನೆಯ ಸಲಕ್ಕೆ
ಬೇಜವಾಬ್ದಾರಿ ಮನುಷ್ಯನಾಗುತ್ತಾನೆ.

ಒತ್ತಲಿಲ್ಲ. ಚಹಾ ತರುವ ನೆವದಲ್ಲಿ ಎದ್ದೆ.

ಒಳಗಿನ ಕಪಾಟಿನಲ್ಲಿ ಮುಖಗಳಿವೆ, ಸಾಲಾಗಿ.
ಬಿಸಿನೀರಿನಲ್ಲಿ ಮೆತ್ತಗಾದ ಬಿಳಿ ಜಾಲರಿಯನ್ನು
ಹಣೆ ಮೂಗು ಗದ್ದಕ್ಕೆ ಒತ್ತಿ ತೆಗೆದ ಅಚ್ಚುಗಳು.
ಕಿರಣ ಹಾಯುವಾಗ ತಲೆ ಅಲುಗಬಾರದಲ್ಲ,
ಇದನ್ನು ತೊಡಿಸಿ ಮೇಜಿಗೇ ಬಿಗಿಯುತ್ತಾರೆ.
ಕ್ಲೈವನ ಮುಖ ಕೆಳಗಿನ ಹಲಗೆಯಲ್ಲಿ,
ಗದ್ದದ ಬಲಕ್ಕೊಂದು ತಗ್ಗು.
ಅಲ್ಲಿದ್ದ ಮೂಳೆ ಹೋಗಿ
ಕಾಲಿನ ಮೂಳೆ ಬಂದು ಕೂತಿದೆ.

ಮೊದಲು ಅದು ಬರೀ ಹಲ್ಲುನೋವು.
ಅವನೇ ಹೇಳಿದ್ದು, ಅರ್ಧ ಬಾಯಲ್ಲಿ, ಅರ್ಧ ಚೀಟಿಯಲ್ಲಿ.
ಊರಿನ ದಂತವೈದ್ಯರೆಲ್ಲ ಹೊಸಬರು ಬೇಡ ಅಂದರು,
ಕಾಸು ಕೊಡುವುದಾದರೆ ನಾಳೆಯೇ ಬಾ ಅಂದರು.
ನಾಳೆಗೆ ಕಾಸಿರಲಿಲ್ಲ.
ಮೀನು ಸೀಳುವ ಶೆಡ್ಡಿನಲ್ಲಿ ರಾತ್ರಿ ಪಾಳಿ,
ಹೋದರೆ ಕೂಲಿ, ಹೋಗದಿದ್ದರೆ ಇಲ್ಲ.
ಹ್ಯಾಡಕ್‌ನ ತಣ್ಣನೆ ಬೆನ್ನು ಬಗೆಯುತ್ತಲೇ
ಲವಂಗದೆಣ್ಣೆ ಹಚ್ಚಿದ, ವಿಸ್ಕಿ ಮುಕ್ಕಳಿಸಿದ,
ಕೊನೆಗೊಂದು ಭಾನುವಾರ ಅಡುಗೆಮನೆಯ ದೀಪದಡಿ
ಇಕ್ಕಳ ಹಿಡಿದು ತಾನೇ ಕಿತ್ತ.
ಹಲ್ಲು ಬಂತು. ನೋವು ಬರಲಿಲ್ಲ.
ಒಳಗೆ ಹುಣ್ಣು ಹದಿನಾಲ್ಕು ತಿಂಗಳು
ಬಾಡಿಗೆ ಮನೆಯ ಗೋಡೆಯ ಬೂಷ್ಟಿನ ಹಾಗೆ
ಯಾರೂ ಬಂದು ನೋಡದೆ ಹಬ್ಬಿತು.

ಬಡವನ ಕೋಪ ದವಡೆಗೆ ಮೂಲ.
ನಮ್ಮ ಮೇಷ್ಟ್ರು ಕಾಪಿಪುಸ್ತಕದಲ್ಲಿ ಹತ್ತು ಸಲ ಬರೆಸಿದ್ದರು,
ತೆಪ್ಪಗಿರು ಅನ್ನುವುದೇ ಅರ್ಥವೆಂದು ನಾನೂ ತಿಳಿದಿದ್ದೆ.
ಆದರೆ ಕ್ಲೈವ್ ಕೋಪ ಮಾಡಿಕೊಂಡವನೇ ಅಲ್ಲ.
ತಡವಾದಾಗೆಲ್ಲ ಕ್ಷಮೆ ಕೇಳುತ್ತಾನೆ, ನನ್ನ ಹತ್ತಿರ!
ಬಸ್ಸಿನ ಪರವಾಗಿ, ಗಾಳಿಯ ಪರವಾಗಿ.
ತೆಪ್ಪಗಿದ್ದೂ ದವಡೆ ಹೋಯಿತಲ್ಲ ಮೇಷ್ಟ್ರೇ,
ಇನ್ನು ಹತ್ತು ಸಲ ಏನು ಬರೆಯಲಿ?

ಮೊನ್ನೆ ಸೋಮವಾರ ಮರುಪರೀಕ್ಷೆಗೆ ಇನ್ನೊಬ್ಬರು ಬಂದಿದ್ದರು,
ಗುಡ್ಡದ ಮೇಲಿನ ಹಳ್ಳಿಯವರು, ಕ್ಲೈವನದೇ ವಯಸ್ಸು.
ಆರು ತಿಂಗಳಿಗೊಮ್ಮೆ ಹಲ್ಲು ಶುಚಿ ಮಾಡಿಸಿಕೊಳ್ಳುವವರು.
ದಂತವೈದ್ಯೆ ನಾಲಿಗೆ ಎತ್ತಿ ಹಿಡಿದಾಗ
ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಂಡಿತಂತೆ.
ಒಂದು ಮಧ್ಯಾಹ್ನದ ಕೆಲಸ. ರಾತ್ರಿಗೆ ಸೂಪು ಕುಡಿದರಂತೆ.
ಒಳ್ಳೆಯ ಮನುಷ್ಯ. ನನಗೊಂದು ಡಬ್ಬಿ ಚಾಕೊಲೇಟ್ ತಂದಿದ್ದರು.
ತಿಂದೆ. ಚೆನ್ನಾಗಿತ್ತು.

ಅಲ್ಲಿ ಔಷಧವೆಲ್ಲ ಪುಕ್ಕಟೆ ತಾನೇ?
ಫೋನಿನಲ್ಲಿ ಅಮ್ಮ ಕೇಳಿದಳು.
ಔಷಧ ಪುಕ್ಕಟೆ ಅಮ್ಮ. ದಾರಿ ಪುಕ್ಕಟೆಯಲ್ಲ,
ದಿನ ಪುಕ್ಕಟೆಯಲ್ಲ.
ಎಲ್ಲಾ ಹಣೆಬರಹ, ಅಂದಳು.
ಹಣೆಯಲ್ಲಮ್ಮ, ಲಕೋಟೆ.
ಲಕೋಟೆಯ ಮೇಲೆ ಊರಿನ ಕೆಳಗೊಂದು ಪೋಸ್ಟ್‌ಕೋಡ್ ಇರುತ್ತದೆ,
ಮೊದಲು ಎರಡಕ್ಷರ, ಎರಡಂಕಿ,
ಟೈಪ್ ಮಾಡೀ ಮಾಡೀ ನನ್ನ ಬೆರಳಿಗೇ ತಿಳಿದುಬಿಟ್ಟಿದೆ
ಯಾವ ಬೀದಿಯ ಗಡ್ಡೆ
ಎಷ್ಟು ದೊಡ್ಡದಾಗಿ ನಮ್ಮ ಬಾಗಿಲಿಗೆ ಬರುತ್ತದೆ ಎಂದು.
ಇದನ್ನು ನಾನು ಯಾರಿಗೂ ಹೇಳುವಂತಿಲ್ಲ.

ಹತ್ತೂ ಮುಕ್ಕಾಲು. ಬಾಗಿಲು ತೆರೆಯಿತು.
ಕೂದಲೆಲ್ಲ ಗಾಳಿ, ಅಂಗಿಯೊಳಗೆ ಮೊದಲಿಗಿಂತ ಕಡಿಮೆ ಮನುಷ್ಯ.
ಹುಡುಗಿ ಜಾಲರಿ ಇಟ್ಟು ನೋಡಿದಳು:
ಮುಖ ಸಡಿಲ, ಹೊಸದೇ ಮಾಡಬೇಕು,
ಅಂದರೆ ಇನ್ನೊಂದು ದಿನ, ಇನ್ನೊಂದು ಬಸ್ಸು.
ಅವನು ಕ್ಷಮೆ ಕೇಳಿದ.
ಆಮೇಲೆ ಚೀಟಿ ಎಳೆದುಕೊಂಡು ಬರೆದು ನನ್ನ ಕಡೆ ತಳ್ಳಿದ:
ಮೀನಿನ ದವಡೆಯನ್ನು ನಾವು ಎಲ್ಲಕ್ಕಿಂತ ಮೊದಲು ಬಿಸಾಕುತ್ತಿದ್ದೆವು.
ನಕ್ಕ, ಒಂದೇ ಪಕ್ಕದಲ್ಲಿ.

ಹಾಜರು ಎಂದು ಒತ್ತಿದೆ.
ಕೆನ್ನೆ ಮುಟ್ಟಿ ನೋಡಿಕೊಂಡರೆ
ನನ್ನ ದವಡೆ ಕಲ್ಲಿನ ಹಾಗೆ ಬಿಗಿದಿತ್ತು,
ಯಾವಾಗಿನಿಂದಲೋ.